ಮೀನಿನ ಭಯವಿಲ್ಲದ ಅಜ್ಜಿ

ದೊಡ್ಡಮ್ಮ ಎಂದು ಹೆಸರಿಟ್ಟವರು ಅವರ ಎತ್ತರ ನೋಡಿ ಇಟ್ಟಿರಲಿಕ್ಕಿಲ್ಲ. ಮೇಲಿನ ಕಪಾಟಿನಿಂದ ಒಂದು ಜರಡಿ ತೆಗೆಯಬೇಕಾದರೂ ಅವರಿಗೆ ಸ್ಟೂಲು ಬೇಕು. ಇಪ್ಪತ್ತೆರಡು ವರ್ಷಗಳ ಹಿಂದೆ, ಪ್ರಯೋಗಾಲಯದ ನೀರುಕೋಣೆಗೆ ಕೆಲಸಕ್ಕೆ ಸೇರಿದ ಮೂರನೇ ದಿನ, ಗಾಜಿನ ಲೋಟಗಳ ಪಕ್ಕದಲ್ಲಿ ಟೀ ಕಪ್ಪು ಇಟ್ಟ ಸಂಶೋಧಕನೊಬ್ಬನಿಗೆ ಅವರು ಚಳಿ ಬಿಡಿಸಿದರಂತೆ. ಆತ ಕಪ್ಪು ಎತ್ತಿಕೊಂಡು, "ಆಯ್ತು ದೊಡ್ಡಮ್ಮ, ತಪ್ಪಾಯ್ತು" ಎಂದು ಜಾಗ ಖಾಲಿ ಮಾಡಿದ. ಆತ ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ, ಹೆಸರು ಮಾತ್ರ ಇಲ್ಲೇ ಉಳಿಯಿತು. ಪ್ರಯೋಗಾಲಯವನ್ನು ಕಟ್ಟಿ ಬೆಳೆಸಿದ ಮೇಷ್ಟ್ರು ಅವರಿಗಿಂತ ಏಳು ವರ್ಷ ದೊಡ್ಡವರು, ಅವರೂ ದೊಡ್ಡಮ್ಮ ಎಂದೇ ಕರೆಯುತ್ತಾರೆ.

ಅವರ ಕೆಲಸ ನೀರುಚಿಗಟ ಸಾಕುವುದು. ಹೆಸರು ಕೇಳಿ ಮೈ ಕೆರೆದುಕೊಳ್ಳಬೇಡಿ. ಇದು ಕಚ್ಚುವ ಚಿಗಟವಲ್ಲ, ಸೀಗಡಿಯ ದೂರದ ನೆಂಟ. ಕೆರೆಯ ನೀರಿನಲ್ಲಿ ಕುಪ್ಪಳಿಸುತ್ತ ಈಜುವ, ಎಳ್ಳುಕಾಳಿನಷ್ಟೇ ಇರುವ ಜೀವ. ಮೈ ಪೂರ್ತಿ ಪಾರದರ್ಶಕ. ಭೂತಗನ್ನಡಿ ಹಿಡಿದರೆ ಬಡಿಯುವ ಹೃದಯ, ಕರುಳಿನಲ್ಲಿ ತಿಂದ ಹಸಿರು, ಬೆನ್ನ ಚೀಲದಲ್ಲಿ ಮುದುರಿ ಮಲಗಿದ ಮರಿಗಳು, ಎಲ್ಲವೂ ಕಾಣುತ್ತವೆ. ದೊಡ್ಡಮ್ಮನ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಅವರೂ ದಿನವಿಡೀ ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡೇ ಕೂರುತ್ತಾರೆ. ತಾನು ನಿಂತುಹೋದದ್ದನ್ನು ನೋಡಿ ಹೊಟ್ಟೆ ಹೊರೆಯುವವನು, ತನ್ನ ಹೆಂಡತಿ ಓಡಾಡುವುದನ್ನು ನೋಡಿ ಹೊಟ್ಟೆ ಹೊರೆಯುವವಳು ಎಂದು ಅಂಗಡಿಗೆ ಬಂದವರ ಹತ್ತಿರವೆಲ್ಲ ಅವರು ಹೇಳಿಕೊಳ್ಳುತ್ತಾರೆ.

ಈ ಜೀವದ ಸಂಸಾರ ವಿಚಿತ್ರ. ಹೊಟ್ಟೆ ತುಂಬಾ ಊಟ, ಹದವಾದ ನೀರು ಇದ್ದಷ್ಟು ದಿನ ಗಂಡಿನ ಗೊಡವೆಯೇ ಇಲ್ಲ. ಹೆಣ್ಣು ಹೆಣ್ಣನ್ನೇ ಹೆರುತ್ತದೆ, ಮಗಳು ತಾಯಿಯ ಪಡಿಯಚ್ಚು, ಒಂದಕ್ಷರ ವ್ಯತ್ಯಾಸವಿಲ್ಲ. ಊಟ ಕಡಿಮೆಯಾಗಿ, ಜಾಗ ಸಾಲದಾಗಿ, ಕಷ್ಟಕಾಲ ಬಂದಾಗ ಮಾತ್ರ ಗಂಡುಗಳು ಹುಟ್ಟುತ್ತವೆ. ಆಗ ಜೋಡಿ ಕೂಡಿ ಗಟ್ಟಿ ಚಿಪ್ಪಿನ ಮೊಟ್ಟೆಗಳಾಗುತ್ತವೆ. ಅವು ಕೆರೆಯ ತಳಕ್ಕಿಳಿದು ಕೆಸರಿನಲ್ಲಿ ಹತ್ತಾರು ವರ್ಷ ಸುಮ್ಮನೆ ಮಲಗಿರಬಲ್ಲವು. ದೊಡ್ಡಮ್ಮ ಇದನ್ನು ಮನೆಯಲ್ಲಿ ವಿವರಿಸಿದ ದಿನ ಯಜಮಾನರು ಸೂಜಿಮೊನೆಯಷ್ಟು ಸ್ಕ್ರೂ ಒಂದನ್ನು ಕೆಳಗಿಟ್ಟು, "ಅಂದ್ರೆ ಸುಖದಲ್ಲಿ ನಾವು ಬೇಡ, ಕಷ್ಟಕ್ಕೆ ಮಾತ್ರ ನಾವು" ಎಂದರು. ಆ ಸ್ಕ್ರೂ ಮತ್ತೆ ಸಿಗಲೇ ಇಲ್ಲ.

ಮೇಷ್ಟ್ರು ಪ್ರಾಯದಲ್ಲಿ ದೋಣಿಯ ಮೇಲೆ ನಿಂತು ಒಂದು ಕೆರೆಯ ತಳಕ್ಕೆ ಉದ್ದನೆಯ ಕೊಳವೆ ಚುಚ್ಚಿ ಕೆಸರು ತೆಗೆದಿದ್ದರು. ಮೇಲಿನ ಕೆಸರು ಹೊಸದು, ಆಳಕ್ಕೆ ಹೋದಷ್ಟೂ ಹಳೆಯದು. ಪದರ ಪದರವಾಗಿ ಬಿಡಿಸಿ, ಮೊಟ್ಟೆಗಳನ್ನು ಹೆಕ್ಕಿ, ತಣ್ಣನೆಯ ನೀರಿಗೆ ಹಾಕಿ, ಬೆಳಕು ತೋರಿಸಿ ಎಬ್ಬಿಸಿದರು. ಹಾಗೆ ಎದ್ದ ಹದಿನಾಲ್ಕು ಮೊಟ್ಟೆಗಳಿಂದ ಹದಿನಾಲ್ಕು ತಳಿಗಳಾದವು. ಅವುಗಳಲ್ಲಿ ಹದಿಮೂರು, ಆ ಕೆರೆಗೆ ಮೀನು ಬಿಟ್ಟ ಮೇಲಿನ ಕಾಲದವು. ಒಂದೇ ಒಂದು, ಮೊಳದುದ್ದ ಆಳದಿಂದ ಬಂದದ್ದು, ಮೀನು ಬರುವುದಕ್ಕೂ ಹಿಂದಿನದು. ಕೊಳವೆ ತಾಕುವಾಗಲೇ ಅದು ಐವತ್ತು ವರ್ಷ ನಿದ್ದೆ ಮಾಡಿತ್ತು. ಪುಸ್ತಕದಲ್ಲಿ ಅದು ಒಂದನೇ ನಂಬರು, ಬಾಯಿಮಾತಿನಲ್ಲಿ ಅಜ್ಜಿ.

ಅಜ್ಜಿಯ ವಿಶೇಷ ಇಷ್ಟೇ. ಮೀನು ಈಜಾಡಿದ ನೀರನ್ನು ಒಂದು ತೊಟ್ಟು ಬಿಟ್ಟರೆ ಉಳಿದ ಹದಿಮೂರು ತಳಿಗಳೂ ವಾಸನೆ ಹಿಡಿದು ದಡಬಡ ತಳಕ್ಕೆ ಓಡುತ್ತವೆ, ಬೆಳಕಿನಲ್ಲಿದ್ದರೆ ಮೀನಿನ ಕಣ್ಣಿಗೆ ಬಿದ್ದೇವು ಎಂದು. ಅಜ್ಜಿ ಮಾತ್ರ ಮೇಲೆ ಬೆಳಕಿನಲ್ಲೇ ಆರಾಮವಾಗಿ ಕುಪ್ಪಳಿಸುತ್ತಿರುತ್ತಾಳೆ. ಮೀನೆಂದರೇನೆಂದೇ ಅವಳಿಗೆ ಗೊತ್ತಿಲ್ಲ. ಒಂದು ಕೆರೆಯ ಜೀವಗಳಿಗೆ ಭಯ ಯಾವಾಗ ಬಂತು, ಎಷ್ಟು ತಲೆಮಾರಿನಲ್ಲಿ ಬಂತು, ಅದಕ್ಕೆ ತೆತ್ತ ಬೆಲೆಯೇನು ಎಂಬುದು ಆ ಪ್ರಯೋಗಾಲಯದ ದೊಡ್ಡ ಪ್ರಶ್ನೆ. ಅಜ್ಜಿ ಇಲ್ಲದಿದ್ದರೆ ಪ್ರಶ್ನೆಯೇ ಇಲ್ಲ. ಆ ಕೆರೆಯ ಹೂಳನ್ನು ಆಮೇಲೆ ಪೂರ್ತಿ ಎತ್ತಿಸಿಬಿಟ್ಟರು, ಆದ್ದರಿಂದ ಇನ್ನೊಬ್ಬ ಅಜ್ಜಿಯನ್ನು ಹುಡುಕಿ ತರುವ ದಾರಿಯೂ ಉಳಿಯಲಿಲ್ಲ.

ಹದಿನಾಲ್ಕು ತಳಿಗಳನ್ನು ಬೆರೆಸದೆ, ಕೆಡಿಸದೆ, ವರ್ಷಗಟ್ಟಲೆ ನಡೆಸಿಕೊಂಡು ಬಂದದ್ದು ದೊಡ್ಡಮ್ಮ. ಅದಕ್ಕೊಂದು ನಿಯಮವಿದೆ. ತಾಯಿ ಮೂರನೇ ಸಲ ಮರಿ ಹಾಕಿದ ಕೂಡಲೇ ಇಬ್ಬರು ಮಗಳಂದಿರನ್ನು ಹೊಸ ಲೋಟಕ್ಕೆ ಎತ್ತಬೇಕು, ತಾಯಿಯನ್ನು ಬಿಸಿನೀರಿನ ಬಕೆಟ್ಟಿಗೆ ಹಾಕಿ ಮೋರಿಗೆ ಚೆಲ್ಲಬೇಕು. ಎಲ್ಲ ತಳಿಗಳ ವಯಸ್ಸೂ ಒಂದೇ ಸಮ ಇರಲಿ, ಯಾವುದೂ ತಪ್ಪಿಸಿಕೊಂಡು ಇನ್ನೊಂದರಲ್ಲಿ ಬೆರೆಯದಿರಲಿ ಎಂದು ಮೇಷ್ಟ್ರು ಮಾಡಿದ ನಿಯಮ. ದೊಡ್ಡಮ್ಮ ಅದನ್ನು ಹನ್ನೊಂದು ವರ್ಷ ಚಾಚೂ ತಪ್ಪದೆ ಪಾಲಿಸಿದರು. ಆಮೇಲೆ ಹನ್ನೊಂದು ವರ್ಷ ಚಾಚೂ ತಪ್ಪದೆ ಮುರಿದರು.

ಮುರಿದದ್ದು ಕರುಣೆಯಿಂದ ಎಂದರೆ ಸುಳ್ಳಾಗುತ್ತದೆ. ಒಂದು ದಿನ ನೀರು ಕಾಯಿಸುವ ಒಲೆ ಕೆಟ್ಟಿತ್ತು. ನಾಳೆ ನೋಡಿಕೊಂಡರಾಯಿತು ಎಂದು ಅವತ್ತಿನ ತಾಯಂದಿರನ್ನೆಲ್ಲ ಒಂದು ಗಾಜಿನ ಜಾಡಿಗೆ ಸುರಿದಿಟ್ಟರು. ಮುಚ್ಚಿಹೋದ ಮಿಠಾಯಿ ಅಂಗಡಿಯಿಂದ ತಂದ, ಎರಡು ಕೈಯಲ್ಲಿ ತಬ್ಬಿ ಎತ್ತಬೇಕಾದ ಜಾಡಿ ಅದು. ಮಾರನೆಯ ದಿನ ನೋಡಿದರೆ ಅಲ್ಲಿ ಮರಿಗಳು. ಮರಿಗಳ ಸಮೇತ ಚೆಲ್ಲುವುದಕ್ಕೆ ಕೈ ಬರಲಿಲ್ಲ. ಮುಂದಿನ ವಾರದ ತಾಯಂದಿರು ಬಂದಾಗ, ಅಲ್ಲಿ ಜಾಗ ಇದೆಯಲ್ಲ ಅನ್ನಿಸಿತು. ಅಷ್ಟೇ, ರೂಢಿಯಾಗಿಬಿಟ್ಟಿತು. ಜಾಡಿ ಪಾತ್ರೆ ತೊಳೆಯುವ ಕೋಣೆಯ ಕಿಟಕಿಗೆ ಏರಿತು. ಹೊರಗಿನ ತೊಟ್ಟಿಯ ಮಳೆನೀರು, ಉಳಿದ ಹಸಿರು ಪಾಚಿ, ಇಷ್ಟೇ ಅದರ ಆರೈಕೆ. "ಹಸಿರು ನೀರು. ಮುಟ್ಟಬೇಡಿ" ಎಂದು ತಾವೇ ಚೀಟಿ ಬರೆದು ಅಂಟಿಸಿದರು. ಅಷ್ಟು ಓದಿದವರು ಆ ಕೋಣೆಗೆ ದಿನಕ್ಕೆ ಹತ್ತು ಸಲ ಬಂದು ಹೋಗುತ್ತಿದ್ದರೂ ಒಬ್ಬರೂ ಬಗ್ಗಿ ನೋಡಲಿಲ್ಲ. ಬರೆದ ಚೀಟಿಯನ್ನು ನಂಬುವ ಜನ.

ಈ ವರ್ಷ ದೊಡ್ಡಮ್ಮನ ಮಗಳಿಗೆ ಹೆರಿಗೆಯಾಯಿತು, ಹೆಣ್ಣುಮಗು. ದೊಡ್ಡಮ್ಮ ಬುಧವಾರದಿಂದ ರಜೆ ಹಾಕಿ ಆಸ್ಪತ್ರೆಯಲ್ಲಿ ಕುಳಿತರು. ಮೊಮ್ಮಗುವಿನ ಕಾಲ್ಬೆರಳುಗಳನ್ನು ಎಣಿಸಿ, ಮತ್ತೆ ಎಣಿಸಿ, ಯಜಮಾನರ ಭೂತಗನ್ನಡಿ ಇಸಿದುಕೊಂಡು ಉಗುರು ನೋಡಿ, ನರ್ಸಿನ ಕೈಯಲ್ಲಿ ಬೈಸಿಕೊಂಡರು. ಅಂಥ ಸಂತೋಷ ಅವರಿಗೆ ಬಹಳ ವರ್ಷಗಳಿಂದ ಆಗಿರಲಿಲ್ಲ. ಸೋಮವಾರ ಕೆಲಸಕ್ಕೆ ಹೋಗುವಾಗಲೂ ಮುಖದ ನಗು ಇಳಿದಿರಲಿಲ್ಲ.

ನೀರುಕೋಣೆಯ ಬಾಗಿಲು ತೆರೆದರೆ ಗುಬ್ಬಿ ನೆಲದ ಮೇಲೆ ಕುಳಿತಿದ್ದಳು. ಗುಬ್ಬಿ ನಾಲ್ಕು ವರ್ಷದಿಂದ ಅಜ್ಜಿಯ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿ. ದನಿ ಸಣ್ಣದು, ಊಟ ಇನ್ನೂ ಸಣ್ಣದು, ಅದಕ್ಕೇ ದೊಡ್ಡಮ್ಮ ಆ ಹೆಸರಿಟ್ಟಿದ್ದರು. ಇನ್ನೊಂದೇ ಪ್ರಯೋಗ ಮುಗಿಸಿದರೆ ಅವಳ ಪ್ರಬಂಧ ಮುಗಿಯುತ್ತಿತ್ತು. ಅವಳ ಮುಂದೆ ಮೂರು ಲೋಟಗಳು, ಜೊತೆಗೆ ಮುಂಜಾಗ್ರತೆಗೆಂದು ಪಕ್ಕದ ಕೋಣೆಯಲ್ಲಿ ಇಟ್ಟಿದ್ದ ಇನ್ನೂ ಮೂರು ಲೋಟಗಳು. ಆರರಲ್ಲೂ ಅಜ್ಜಿಯ ಸಂತಾನವೆಲ್ಲ ತಳದಲ್ಲಿ ಬಿಳಿಚಿಕೊಂಡು ಬಿದ್ದಿತ್ತು.

ಏನಾಯಿತೆಂದು ಗುಬ್ಬಿ ಹೇಳಿದ್ದರಲ್ಲಿ ಅರ್ಧ ಅಳುವಿನಲ್ಲಿ ಹೋಯಿತು. ಉಳಿದರ್ಧ ಹೀಗೆ. ಹದಿನಾಲ್ಕು ತಳಿಗಳಿಗೂ ಸರದಿಯ ಮೇಲೆ ನೀರು ಬದಲಾಯಿಸುತ್ತಾರೆ. ದೊಡ್ಡಮ್ಮ ಇಲ್ಲದ ಗುರುವಾರ ಅಜ್ಜಿಯ ಸರದಿ ಬಂತು. ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದ ನೀರು ಮುಗಿದಿತ್ತು. ಗುಬ್ಬಿ ನಲ್ಲಿಯಿಂದ ಹಿಡಿದು, ಕ್ಲೋರಿನ್ ಹಾರಿಹೋಗಲೆಂದು ಒಂದು ದಿನ ಗಾಳಿಗಿಟ್ಟು, ಶುಕ್ರವಾರ ತಾನೇ ಆರೂ ಲೋಟಕ್ಕೆ ಹಾಕಿದಳು. ಶನಿವಾರ ಒಂದೊಂದಾಗಿ ಬಿದ್ದವು. ಊಟ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಅವಳು ಎರಡು ದಿನ ಅಲ್ಲೇ ಪರದಾಡಿದ್ದಳು.

ದೊಡ್ಡಮ್ಮ ನೇರ ತೊಳೆಯುವ ಕೋಣೆಗೆ ಹೋಗಿ ನಲ್ಲಿ ನೋಡಿದರು. ಹಳೆಯ ಪ್ಲಾಸ್ಟಿಕ್ ಪೈಪು ಮಾಯವಾಗಿ, ಫಳಫಳ ಹೊಳೆಯುವ ಕೆಂಪು ಪೈಪು ಬಂದಿತ್ತು. ರಜೆಯಲ್ಲಿದ್ದಾಗ ಪ್ಲಂಬರು ಬಂದು ಹೋಗಿದ್ದ. ಬೊಗಸೆಯಲ್ಲಿ ನೀರು ಹಿಡಿದು ಬಾಯಿಗಿಟ್ಟರು. ಹೊಸ ನಾಣ್ಯ ನೆಕ್ಕಿದ ಹಾಗಿತ್ತು. ತಾಮ್ರ. ಮನುಷ್ಯರಿಗೆ ಏನೂ ಆಗದಷ್ಟು ತಾಮ್ರ ಈ ಜೀವಗಳಿಗೆ ಯಮ. ಪ್ಲಂಬರಿಗೆ ಅದು ಗೊತ್ತಿರಬೇಕಾಗಿಲ್ಲ, ಗುಬ್ಬಿಗೆ ಪೈಪಿನ ಕಡೆ ನೋಡಬೇಕೆಂದು ಹೊಳೆದಿಲ್ಲ, ಹೊಳೆಯಬೇಕಾದವರು ಆಸ್ಪತ್ರೆಯಲ್ಲಿ ಕಾಲ್ಬೆರಳು ಎಣಿಸುತ್ತಿದ್ದರು. ದೊಡ್ಡಮ್ಮ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ನಿಲ್ಲಿಸಿದರು.

ತಿರುಗಿದರೆ ಕಿಟಕಿಯಲ್ಲಿ ಜಾಡಿ. ಬಿಸಿಲು ಬಿದ್ದ ಹಸಿರು ನೀರಿನಲ್ಲಿ ನೂರಾರು ಚುಕ್ಕಿಗಳು ಮೇಲೂ ಕೆಳಗೂ ಕುಪ್ಪಳಿಸುತ್ತಿದ್ದವು. ಅದಕ್ಕೆ ಈ ನಲ್ಲಿಯ ನೀರು ಒಂದು ಹನಿಯೂ ಸೋಕಿರಲಿಲ್ಲ. ರಜೆಗೆ ಹೋಗುವ ಮೊದಲು ಕೂಡ ಅಜ್ಜಿಯ ಎರಡು ಲೋಟದ ತಾಯಂದಿರನ್ನು ಅವರು ಅದಕ್ಕೇ ಸುರಿದಿದ್ದರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಹನ್ನೊಂದು ವರ್ಷದ ಕಳ್ಳತನ ಬಯಲಾಗುತ್ತದೆ, ಮೇಷ್ಟ್ರು ಮುಖ ಕೊಟ್ಟು ಮಾತಾಡುತ್ತಾರೋ ಇಲ್ಲವೋ. ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡರು. ಬಹಳ ಹೊತ್ತೇನೂ ಯೋಚಿಸಲಿಲ್ಲ.

"ಗುಬ್ಬಿ, ಎದ್ದು ಬಾ ಇಲ್ಲಿ. ನಾನೊಂದು ಹೇಳ್ತೀನಿ, ನೀನು ಬೈಬೇಕು ಅನ್ಸಿದ್ರೆ ಆಮೇಲೆ ಬೈಯಿ. ನಿನ್ನ ಅಜ್ಜಿ ಇದರೊಳಗೆ ಇದ್ರೂ ಇರಬಹುದು."

ಗುಬ್ಬಿ ಜಾಡಿಯ ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟಳು. ಬೈಯಲಿಲ್ಲ. ಇಷ್ಟು ವರ್ಷ ಇದು ಪಾಚಿ ಎಂದುಕೊಂಡು ಇದರ ಪಕ್ಕದಲ್ಲೇ ಕೈ ತೊಳೆದಿದ್ದೇನಲ್ಲ ಎಂದಳು. ಆಮೇಲೆ ಮುಖ ಮತ್ತೆ ಸಪ್ಪೆಯಾಯಿತು. ಹದಿನಾಲ್ಕು ತಳಿಯೂ ಹನ್ನೊಂದು ವರ್ಷ ಒಟ್ಟಿಗೆ ಸಂಸಾರ ಮಾಡಿದ ಜಾಡಿ. ಕಷ್ಟಕಾಲಗಳು ಬಂದು, ಗಂಡುಗಳು ಹುಟ್ಟಿ, ಅದಕ್ಕೂ ಇದಕ್ಕೂ ನೆಂಟಸ್ತನ ಬೆಳೆದು ಎಷ್ಟು ಸಲ ಕಲಸಿಹೋಗಿದೆಯೋ. ಅವಳಿಗೆ ಬೇಕಾದದ್ದು ಅಜ್ಜಿಯ ಕಡೆಯ ನೆಂಟರಲ್ಲ, ಅಜ್ಜಿಯೇ. ನಾಲ್ಕು ವರ್ಷದ ಅಳತೆಗಳೆಲ್ಲ ಅಜ್ಜಿಯವು, ಅಕ್ಷರಕ್ಕೆ ಅಕ್ಷರ ಅವಳೇ ಸಿಗದಿದ್ದರೆ ಕೊನೆಯ ಪ್ರಯೋಗ ಆ ಪ್ರಬಂಧಕ್ಕೆ ಅಂಟುವುದಿಲ್ಲ.

ಮೇಷ್ಟ್ರ ಕೋಣೆಗೆ ಇಬ್ಬರೂ ಒಟ್ಟಿಗೆ ಹೋದರು. ಗುಬ್ಬಿ ತನ್ನ ತಪ್ಪು ಹೇಳಿದಳು, ದೊಡ್ಡಮ್ಮ ತಮ್ಮ ತಪ್ಪು ಹೇಳಿದರು. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕೂಗಾಡುವವರಲ್ಲ, ಲೆಕ್ಕ ಹಾಕುವವರು. ಹನ್ನೊಂದು ವರ್ಷವೆಂದರೆ ಇನ್ನೂರಕ್ಕೂ ಹೆಚ್ಚು ತಲೆಮಾರು ಎಂದರು. ಅಷ್ಟು ತಲೆಮಾರು ಒಂದೇ ಪಾತ್ರೆಯಲ್ಲಿ ಹದಿನಾಲ್ಕು ತಳಿ ಪೈಪೋಟಿ ಮಾಡಿದರೆ ಬಲವಾದ ಎರಡೋ ಮೂರೋ ಉಳಿದು ಮಿಕ್ಕವು ಅಳಿಸಿಹೋಗುತ್ತವೆ, ಹೊಸದಾಗಿ ಸುರಿದವೂ ಅಲ್ಲಿ ಹೆಚ್ಚು ದಿನ ಬಾಳುವುದಿಲ್ಲ ಎಂದರು. ಬೆಳವಣಿಗೆಯಲ್ಲಿ ಅಜ್ಜಿ ಎಲ್ಲರಿಗಿಂತ ನಿಧಾನ, ಉಳಿಯುವ ಸಾಲಿನಲ್ಲಿ ಅವಳದು ಕೊನೆಯ ಹೆಸರು ಎಂದರು. ಆ ಮೊಟ್ಟೆಯನ್ನು ಎಬ್ಬಿಸಿದ್ದು ಅವರೇ, ತಮ್ಮ ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ.

"ಹುಡುಕಿ. ಬೇಡ ಅನ್ನಲ್ಲ. ಆದ್ರೆ ಅಜ್ಜಿ ಸಿಗದಿದ್ರೆ, ದೊಡ್ಡಮ್ಮ, ಆ ಜಾಡಿಗೆ ನೀವೇ ಬಿಸಿನೀರು ಹಾಕ್ಬೇಕಾಗುತ್ತೆ. ಅದರಿಂದ ಒಂದು ಹನಿ ಸಿಡಿದ್ರೂ ಉಳಿದ ಹದಿಮೂರು ತಳಿಗಳ ಕಥೆ ಮುಗೀತು."

ದೊಡ್ಡಮ್ಮ ಒಪ್ಪಿಕೊಂಡರು. ನ್ಯಾಯ ನ್ಯಾಯವೇ. ಆದರೆ ಮೆಟ್ಟಿಲಿಳಿಯುವಾಗ, ಚೆಲ್ಲಲಾರದೆ ಕೂಡಿಟ್ಟವರನ್ನೆಲ್ಲ ಒಂದೇ ಸಲ ಚೆಲ್ಲುವ ಹಾಗಾಯಿತಲ್ಲ ಎಂದುಕೊಂಡರು.

ಹುಡುಕುವ ದಾರಿಯನ್ನು ಅಜ್ಜಿಯೇ ತೋರಿಸಿಕೊಟ್ಟಿದ್ದಳು. ತೋಳುದ್ದದ ಗಾಜಿನ ಕೊಳವೆ, ಮೇಲಿನಿಂದ ದೀಪ, ಒಳಗೆ ಮೀನು ಈಜಾಡಿದ ನೀರು. ಜಾಡಿಯಿಂದ ಹತ್ತು ಹತ್ತು ಜನರನ್ನು ಹೀರುಗೊಳವೆಯಲ್ಲಿ ಎತ್ತಿ ಬಿಡಬೇಕು, ಐದು ನಿಮಿಷ ಕಾಯಬೇಕು. ಹೆದರಿ ಕೆಳಗಿಳಿದವರು ಮೀನು ಕಂಡ ಮನೆತನದವರು. ಪ್ರಯೋಗಕ್ಕೆಂದು ತರುತ್ತಿದ್ದ ಒಂದೆರಡು ಲೋಟ ಮೀನಿನ ನೀರು ಇದಕ್ಕೆ ಸಾಲದೆ, ಪಕ್ಕದ ಪ್ರಯೋಗಾಲಯಕ್ಕೆ ಹೋಗಿ ಬೇಡಬೇಕಾಯಿತು. ಅಲ್ಲಿನವರು ತೊಟ್ಟಿಯ ಕೊಳೆನೀರನ್ನು ಯಾರಾದರೂ ಬಕೆಟ್ಟುಗಟ್ಟಲೆ ಕೇಳಿ ಪಡೆಯುವುದು ಇದೇ ಮೊದಲೆಂದು ಎರಡು ಬಕೆಟ್ಟು ತಾವೇ ಹೊತ್ತು ತಂದುಕೊಟ್ಟರು.

ಮೊದಲನೇ ಹತ್ತು ಜನ ದಡದಡನೆ ತಳ ಸೇರಿದರು. ಎರಡನೇ ಹತ್ತೂ ಅಷ್ಟೇ. ಗುಬ್ಬಿ ಉಗುರು ಕಚ್ಚತೊಡಗಿದಳು. ಉಗುರು ತಿಂದಾದರೂ ಹೊಟ್ಟೆ ತುಂಬಲಿ ಎಂದರು ದೊಡ್ಡಮ್ಮ. ಮೂರನೇ ಸಲ ಒಂಬತ್ತು ಇಳಿದವು, ಒಂದು ಮೇಲೆಯೇ ಉಳಿಯಿತು. ದೀಪದ ಕೆಳಗೆ ಅತ್ತ ಒಂದು ಕುಪ್ಪಳ, ಇತ್ತ ಒಂದು ಕುಪ್ಪಳ, ತನಗೆ ಹೇಳುವವರು ಕೇಳುವವರು ಯಾರೂ ಇಲ್ಲವೆಂಬಂತೆ. ಇಬ್ಬರೂ ಐದು ನಿಮಿಷದ ಬದಲು ಹದಿನೈದು ನಿಮಿಷ ನೋಡಿದರು. ಅದು ಇಳಿಯಲೇ ಇಲ್ಲ.

ಆ ವಾರ ಪೂರ್ತಿ ಅದೇ ಕೆಲಸ. ಮುನ್ನೂರು ಜನರನ್ನು ಬಿಟ್ಟು ನೋಡಿದರು. ಅರವತ್ತೆರಡು ಮೇಲೆಯೇ ಉಳಿದವು. ದೊಡ್ಡಮ್ಮ ಒಂದೊಂದನ್ನೂ ಪ್ರತ್ಯೇಕ ಲೋಟಕ್ಕೆ ಹಾಕಿ ನಂಬರು ಬರೆದರು, ಊಟ ಕೊಟ್ಟರು. ಅವರಿಗೆ ಹನ್ನೆರಡನೇ ಲೋಟದವಳ ಮೇಲೆ ಭಾರಿ ನಂಬಿಕೆ. ಅವಳು ತಲೆ ಎತ್ತುವ ಠೀವಿ ನೋಡಿದರೆ ಸಾಕು, ಇವಳೇ ಅಜ್ಜಿ, ಬೇಕಾದರೆ ಬರೆದು ಕೊಡುತ್ತೇನೆ ಎಂದರು. ಗುಬ್ಬಿ ಮಾತ್ರ ನಗಲಿಲ್ಲ. ಧೈರ್ಯ ಅಜ್ಜಿಯದೇ ಇರಬಹುದು, ಆದರೆ ಅಜ್ಜಿ ಯಾವತ್ತೋ ಹೋಗಿ, ಅವಳ ಧೈರ್ಯ ಮಾತ್ರ ಬೆರಕೆ ಮೊಮ್ಮಕ್ಕಳಲ್ಲಿ ಉಳಿದಿದ್ದರೂ ಇಷ್ಟೇ ಕಾಣುತ್ತದೆ ಎಂದಳು. ಖಚಿತವಾಗಬೇಕಾದರೆ ಡಿಎನ್‌ಎ ಓದಿಸಬೇಕು. ಅರವತ್ತೆರಡು ಲೋಟಗಳಲ್ಲಿ ಇಪ್ಪತ್ತನಾಲ್ಕನ್ನು ಆರಿಸಿ, ಒಂದೊಂದರ ಮಗಳಂದಿರನ್ನು ಪುಟ್ಟ ನಳಿಕೆಗಳಲ್ಲಿ ಹಾಕಿ ಯಂತ್ರವಿದ್ದ ಕಟ್ಟಡಕ್ಕೆ ಕಳಿಸಿದರು. ಫಲಿತಾಂಶಕ್ಕೆ ಎಂಟು ದಿನ.

ಆ ಎಂಟು ದಿನ ದೊಡ್ಡಮ್ಮ ಮನೆಯಲ್ಲಿ ಸುಮ್ಮನೆ ಕೂತದ್ದಿಲ್ಲ. ಮಗಳ ಮನೆ ಪಕ್ಕದ ಬೀದಿಯಲ್ಲೇ. ಸಂಜೆಯಾದರೆ ಅಲ್ಲಿ ಮೊಮ್ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಇವಳ ಮೂಗು ಯಾರದು, ಕಿವಿ ಯಾರದು ಎಂಬ ವಾಗ್ವಾದಕ್ಕಿಳಿಯುತ್ತಿದ್ದರು. ಬೀಗರು ಮೂಗು ತಮ್ಮ ಕಡೆಯದೇ ಎಂದು ಪಟ್ಟು ಹಿಡಿದಿದ್ದರು. ಯಜಮಾನರು ಮೂಗನ್ನು ಧಾರಾಳವಾಗಿ ಬಿಟ್ಟುಕೊಟ್ಟು ಕಿವಿ ಮಾತ್ರ ಉಳಿಸಿಕೊಂಡರು. "ಅಮ್ಮ, ನೀನು ಯಾಕೆ ಸಪ್ಪಗಿದ್ದೀಯ" ಎಂದು ಮಗಳು ಕೇಳಿದಳು. ದೊಡ್ಡಮ್ಮ ಜಾಡಿಯ ವಿಷಯ ಹೇಳಿದರು. ಮಗಳು ಮಗುವಿನ ತಲೆ ನೇವರಿಸಿ, "ನಾನೂ ಈಗ ತಾಯಿ ಅಲ್ವಾ. ನನ್ನನ್ನೂ ಚೆಲ್ಲದೆ ಇಟ್ಕೋತೀಯ ತಾನೇ" ಎಂದಳು. ತಮಾಷೆಗೆ ಹೇಳಿದ್ದೇ, ಆದರೂ ದೊಡ್ಡಮ್ಮನ ಕಣ್ಣು ತುಂಬಿಬಂತು. ಅಂಥ ಮಾತೆಲ್ಲ ಆಡಬೇಡವೆಂದು ಗದರಿದರು.

ಒಂಬತ್ತನೇ ದಿನ ಬೆಳಿಗ್ಗೆ ಗುಬ್ಬಿ ಕಾಗದ ಹಿಡಿದುಕೊಂಡು ನೀರುಕೋಣೆಗೆ ಬಂದಳು. ಒಬ್ಬಳೇ ಓದುವ ಧೈರ್ಯವಿಲ್ಲದೆ ಮೇಷ್ಟ್ರನ್ನೂ ಎಳೆದುಕೊಂಡು ಬಂದಿದ್ದಳು. ಮೂವರೂ ಜರಡಿಗಳ ಮೇಜಿನ ಸುತ್ತ ನಿಂತರು. ಪ್ರತಿ ಲೋಟದ ನಂಬರಿನ ಮುಂದೆ ಒಂದು ಸಾಲು, ಅದರ ಕೊನೆಯಲ್ಲಿ ಅಜ್ಜಿಯ ಹಳೆಯ ಡಿಎನ್‌ಎ ಜೊತೆ ಎಷ್ಟು ಹೊಂದುತ್ತದೆ ಎಂಬ ಅಂಕಿ. ನೂರಕ್ಕೆ ನೂರು ಇದ್ದರೆ ಅಜ್ಜಿ. ಗುಬ್ಬಿ ಬೆರಳಿಟ್ಟು ಓದುತ್ತ ಬಂದಳು. ಮೂರನೇ ಲೋಟ, ಬೆರಕೆ. ಐದನೇ ಲೋಟ, ಬೆರಕೆ. ಹನ್ನೆರಡನೇ ಲೋಟದ ಠೀವಿಯವಳು ಎಲ್ಲರಿಗಿಂತ ಹೆಚ್ಚು ಬೆರಕೆ. ದೊಡ್ಡಮ್ಮ ಗಂಟಲು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದರು. ಹದಿನೆಂಟು, ಬೆರಕೆ. ಇಪ್ಪತ್ತೆರಡು, ಬೆರಕೆ. ಗುಬ್ಬಿಯ ದನಿ ಇಳಿಯುತ್ತ ಇಳಿಯುತ್ತ ಕೇಳಿಸದಷ್ಟಾಯಿತು. ಕೊನೆಗೆ ಬೆರಳು ನಿಂತುಬಿಟ್ಟಿತು.

ಮೇಷ್ಟ್ರು ಕಾಗದ ತೆಗೆದುಕೊಂಡರು. ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು ನೋಡಿದರು. "ಮೂವತ್ತೊಂದು, ನೂರಕ್ಕೆ ನೂರು" ಎಂದರು. ಕೆಳಗೆ ಕಣ್ಣಾಡಿಸಿ, "ನಲವತ್ತಾರು. ಐವತ್ತೇಳು ಕೂಡ" ಎಂದರು.

ಗುಬ್ಬಿ ಒಂದೇ ಸಲ ಬಂದು ದೊಡ್ಡಮ್ಮನನ್ನು ತಬ್ಬಿಕೊಂಡಳು. ಸ್ಟೂಲು ಉರುಳಿತು, ಜರಡಿಗಳು ನೆಲಕ್ಕೆ ಬಿದ್ದು ಕುಣಿದವು. ಅಜ್ಜಿ ಬದುಕಿದ್ದಳು. ಒಬ್ಬಳಲ್ಲ, ಮೂರು ಲೋಟಗಳಲ್ಲಿ, ಹೊಟ್ಟೆ ತುಂಬಾ ತಿಂದು, ಬೆನ್ನ ತುಂಬಾ ಮರಿ ಹೊತ್ತು ಬದುಕಿದ್ದಳು. ದೊಡ್ಡಮ್ಮ ಭೂತಗನ್ನಡಿ ಹಿಡಿದು ಮೂರೂ ಲೋಟ ನೋಡಿದರು. ಮೂವರಲ್ಲೂ ಯಾವ ಠೀವಿಯೂ ಇರಲಿಲ್ಲ, ಸಾಧಾರಣ ಹೆಂಗಸರ ಹಾಗಿದ್ದರು.

ಮೇಷ್ಟ್ರಿಗೆ ಮಾತ್ರ ಸಂತೋಷದ ನಡುವೆಯೇ ಒಂದು ಮುಳ್ಳು ಚುಚ್ಚುತ್ತಿತ್ತು. ತಮ್ಮ ಲೆಕ್ಕ ತಪ್ಪುವುದು ಹೇಗೆ? ಹದಿನಾಲ್ಕು ತಳಿಯಲ್ಲಿ ಒಂದಾದ ಅಜ್ಜಿಯ ಧೈರ್ಯ ಜಾಡಿಯ ಐದರಲ್ಲೊಂದು ಪಾಲಿಗೆ ಹಬ್ಬಿದೆ. ಅಳಿದುಹೋಗುವುದಿರಲಿ, ಬೆಳೆದಿದೆ. ಎಲ್ಲರಿಗಿಂತ ನಿಧಾನವಾದವಳು, ಅಪಾಯ ಕಂಡರೆ ಅಡಗುವ ಬುದ್ಧಿ ಇಲ್ಲದವಳು, ಇನ್ನೂರು ತಲೆಮಾರು ಹೇಗೆ ತಳ್ಳಿದಳು ಎಂದು ಅವರು ತಮ್ಮಷ್ಟಕ್ಕೇ ಲೆಕ್ಕ ಹಾಕುತ್ತ ಮೇಜಿನ ಸುತ್ತ ಎರಡು ಸುತ್ತು ಬಂದರು. ದೊಡ್ಡಮ್ಮ ಬಿದ್ದ ಜರಡಿಗಳನ್ನು ಹೆಕ್ಕುತ್ತಿದ್ದವರು ತಲೆ ಎತ್ತಿದರು.

"ಸಾರ್, ಆ ಜಾಡೀಲಿ ಮೀನೆಲ್ಲಿದೆ?"

ಮೇಷ್ಟ್ರು ನಿಂತರು.

"ಬಿಸಿಲು ಬೀಳೋದು ಮೇಲೆ, ಪಾಚಿ ಬೆಳೆಯೋದೂ ಮೇಲೇ. ಮಿಕ್ಕವರು ವಾಸನೆ ಇಲ್ಲದಿದ್ರೂ ಬಿಸಿಲು ಕಂಡ್ರೆ ಸಾಕು, ಇಲ್ಲದ ಮೀನಿಗೆ ಹೆದರಿ ಕೆಳಗೆ ಕತ್ತಲಲ್ಲಿ ಕೂತಿರ್ತಾರೆ. ಇವಳಿಗೆ ಭಯ ಇಲ್ಲ, ಮೇಲಿದ್ದು ಉಣ್ತಾಳೆ. ನಾನು ದಿನಾ ನೋಡ್ತಿದ್ದೆ, ಆದ್ರೆ ಅದು ಅಜ್ಜಿ ಅಂತ ಗೊತ್ತಿರಲಿಲ್ಲ."

ಮೂವತ್ತು ವರ್ಷ ಮೀನಿನ ಭಯದ ಬೆಲೆಯೇನು ಎಂದು ಕೇಳುತ್ತಲೇ ಬಂದವರು ಮೇಷ್ಟ್ರು. ಉತ್ತರ ಹನ್ನೊಂದು ವರ್ಷದಿಂದ ಅವರ ಪಾತ್ರೆ ತೊಳೆಯುವ ಕೋಣೆಯ ಕಿಟಕಿಯಲ್ಲಿ, "ಮುಟ್ಟಬೇಡಿ" ಎಂಬ ಚೀಟಿ ಹೊತ್ತು ಕೂತಿತ್ತು. ಅವರಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಕೊನೆಗೆ ಮೇಜು ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ಗುಬ್ಬಿ ನೋಡಿರಲಿಲ್ಲ, ದೊಡ್ಡಮ್ಮನೂ ನೋಡಿರಲಿಲ್ಲ. ಗುಬ್ಬಿಯ ಪ್ರಬಂಧಕ್ಕೆ ಇನ್ನೊಂದು ಅಧ್ಯಾಯ ಸೇರಬೇಕು, ಇನ್ನಾರು ತಿಂಗಳು ಅವಳು ಎಲ್ಲಿಗೂ ಹೋಗುವ ಹಾಗಿಲ್ಲ ಎಂದರು. ಗುಬ್ಬಿ ಅದಕ್ಕೂ ಸಂತೋಷಪಟ್ಟಳು, ಅಂಥ ಹುಚ್ಚಿ.

ತಳಿಗಳ ದಪ್ಪ ಪುಸ್ತಕ ತರಿಸಿದರು. ಮೊದಲನೇ ಪುಟ ಅಜ್ಜಿಯದು. ಯಾವ ಕೆರೆ, ಎಷ್ಟು ಆಳ, ಮೊಟ್ಟೆ ಎಬ್ಬಿಸಿದವರು ಯಾರು ಎಂದು ಮೇಷ್ಟ್ರ ಪ್ರಾಯದ ಕೈಬರಹದಲ್ಲಿತ್ತು. ಸತ್ತ ಆರು ಲೋಟಗಳನ್ನು ಕಾಟು ಹಾಕಿ, ಬದುಕಿದ ಮೂರು ಲೋಟಗಳನ್ನು ಸೇರಿಸಬೇಕಿತ್ತು. ಎಲ್ಲಿಂದ ಬಂತೆಂದು ಬರೆಯುವ ಜಾಗಕ್ಕೆ ಬಂದಾಗ ಗುಬ್ಬಿ ಪೆನ್ನು ಎತ್ತಿ ಹಿಡಿದು ಮೇಷ್ಟ್ರ ಮುಖ ನೋಡಿದಳು. ದೊಡ್ಡಮ್ಮ ಪುಟಕ್ಕೆ ಅಡ್ಡ ಕೈ ಇಟ್ಟರು. ನಿಯಮ ಮುರಿದದ್ದನ್ನು ಪುಸ್ತಕದಲ್ಲಿ ಬರೆದುಬಿಟ್ಟರೆ ನಾಳೆ ಓದಿದವರು ಏನಂದುಕೊಳ್ಳುತ್ತಾರೆ, ಯಾವುದೋ ಲೋಟದಲ್ಲಿ ಸಿಕ್ಕಿತು ಎಂದು ಬರೆದರೆ ಸಾಲದೇ ಎಂದು ಕೇಳಿಕೊಂಡರು.

ಮೇಷ್ಟ್ರು ಪೆನ್ನನ್ನು ಗುಬ್ಬಿಯ ಕೈಯಿಂದ ತೆಗೆದುಕೊಂಡರು. ಸ್ಕೇಲು ಇಟ್ಟು, ಪುಟದ ಅಂಚಿನಲ್ಲಿ ನಿಧಾನವಾಗಿ ಒಂದು ಗೆರೆ ಎಳೆದು, ಇಲ್ಲದ ಒಂದು ಕಾಲಮ್ಮು ಮಾಡಿದರು. ಅದರ ತಲೆಯ ಮೇಲೆ "ಉಳಿಸಿದವರು" ಎಂದು ಬರೆದರು. ಕೆಳಗೆ "ದೊಡ್ಡಮ್ಮ" ಎಂದು ಬರೆದು, ಪಕ್ಕದಲ್ಲಿ ತಮ್ಮ ಸಹಿ ಹಾಕಿ, ದಿನಾಂಕ ಹಾಕಿ, ಪುಸ್ತಕವನ್ನು ಅವರ ಕಡೆ ತಿರುಗಿಸಿದರು. ಹಾಜರಿ ಪುಸ್ತಕ ಬಿಟ್ಟರೆ ಇಪ್ಪತ್ತೆರಡು ವರ್ಷದಲ್ಲಿ ದೊಡ್ಡಮ್ಮ ಆ ಕಟ್ಟಡದ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವರು ಕೈ ಒರೆಸಿಕೊಂಡು, ಬಗ್ಗಿ, ಅಕ್ಷರ ಅಕ್ಷರವಾಗಿ ಓದಿದರು.

"ಹಾಗಾದ್ರೆ ಸಾರ್, ಬಿಸಿನೀರು?"

"ಯಾವ ಬಿಸಿನೀರು?" ಎಂದರು ಮೇಷ್ಟ್ರು.

ದೊಡ್ಡಮ್ಮನಿಗೆ ಆಗ ಅಳು ಬಂತು, ಅದನ್ನು ಅವರು ಮುಚ್ಚಿಡಲೂ ಹೋಗಲಿಲ್ಲ. ಅಷ್ಟು ಸಂತೋಷವಾಗಿತ್ತು.